ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೂ ಗೇಮ್ ಓಡ್ತಿಲ್ವಾ? ವಾಪಸ್ ಕೊಡೋ ಮುಂಚೆ ಇಷ್ಟು ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಈ ಸಂಚಿಕೆ ಶುರುವಾಗೋದು ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದವನು ತುಮಕೂರಿನ ಕೇಳುಗ, ಡಿಗ್ರಿ ಕೊನೇ ವರ್ಷದ ಹುಡುಗ. ಅವನ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ, ಹೆಸರು ಬೇಡ ಅಂದಿದ್ದಾನೆ.

"ಅಣ್ಣಾ, ಎರಡು ವರ್ಷದಿಂದ ಮದುವೆ, ನಾಮಕರಣದ ವಿಡಿಯೊ ಎಡಿಟ್ ಮಾಡಿ ದುಡ್ಡು ಕೂಡಿಟ್ಟಿದ್ದೆ. ಅಪ್ಪನೂ ಸ್ವಲ್ಪ ಸೇರಿಸಿದ್ರು. ಬೆಂಗಳೂರಿಗೆ ಹೋಗಿ ಗ್ರಾಫಿಕ್ಸ್ ಕಾರ್ಡ್ ತಂದು ನಾನೇ ಹಾಕ್ದೆ. ಮೊದಲು ಜಿಟಿಎ ಫೈವ್‌ನಲ್ಲಿ 45, 50 ಎಫ್‌ಪಿಎಸ್ ಬರ್ತಿತ್ತು. ಈಗ್ಲೂ ಅಷ್ಟೇ ಬರ್ತಿದೆ. ಕಾರ್ಡೇ ಡಿಫೆಕ್ಟಾ? ಏಳು ದಿನದೊಳಗೆ ತಂದ್ರೆ ಬದಲಾಯಿಸಿ ಕೊಡ್ತೀವಿ ಅಂದಿದ್ದಾರೆ. ಆಗ್ಲೇ ನಾಲ್ಕು ದಿನ ಆಯ್ತು. 'ಹಳೇದೇ ಚೆನ್ನಾಗಿತ್ತಲ್ಲೋ' ಅಂತ ಅಪ್ಪ ದಿನಾ ಅಂತಿದ್ದಾರೆ."

ಇದು ಇವನೊಬ್ಬನ ಕಥೆ ಅಲ್ಲ. ಕಾರ್ಡ್ ಹಾಕಿದ ಮೊದಲ ವಾರ ಇದೇ ಗಾಬರಿಯಲ್ಲಿ ಕಳೆದವರು ನಿಮ್ಮಲ್ಲೂ ತುಂಬ ಜನ ಇದ್ದೀರಿ. ಹಾಗಾಗಿ ಇವತ್ತು ಈ ಹುಡುಗನ ಪಿಸಿಯನ್ನೇ ಎದುರಿಗಿಟ್ಟುಕೊಂಡು ಒಂದೊಂದಾಗಿ ನೋಡ್ತಾ ಹೋಗೋಣ. ದುಡ್ಡು ಖರ್ಚಾಗದ ಪರೀಕ್ಷೆಗಳು ಮೊದಲು, ಸ್ಕ್ರೂಡ್ರೈವರ್ ಆಮೇಲೆ, ಅಂಗಡಿ ಕೊನೆಗೆ.

ಅವನ ಪಿಸಿ ಹೀಗಿದೆ: ಎಎಂಡಿ ರೈಜನ್ 5 5600ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್, 144 ಹರ್ಟ್ಸ್ ಮಾನಿಟರ್. ಹೊಸದಾಗಿ ಬಂದಿರೋದು 8 ಜಿಬಿಯ ರೇಡಿಯಾನ್ ಆರ್‌ಎಕ್ಸ್ 6600.

ಕಾರ್ಡ್ ಒಂದೇ ಗೇಮ್ ಓಡಿಸಲ್ಲ

ಮೊದಲು ಒಂದು ವಿಷಯ ಅರ್ಥ ಮಾಡ್ಕೊಳ್ಳೋಣ, ಮುಂದಿನದೆಲ್ಲ ಸಲೀಸಾಗುತ್ತೆ.

ದರ್ಶಿನಿಗೆ ಹೋಗ್ತೀರಿ ಅಂದ್ಕೊಳ್ಳಿ. ಕೌಂಟರ್‌ನಲ್ಲಿ ಒಬ್ಬರು ಟೋಕನ್ ಕೊಡ್ತಾರೆ, ಒಳಗೆ ಇನ್ನೊಬ್ಬರು ದೋಸೆ ಹಾಕ್ತಾರೆ. ಓನರ್ ದೊಡ್ಡ ಮನಸ್ಸು ಮಾಡಿ ಒಂದೇ ಸಲಕ್ಕೆ 20 ದೋಸೆ ಹಿಡಿಯೋ ಹೊಸ ಕಾವಲಿ ತರಿಸಿದ್ರು. ಆದ್ರೆ ಕೌಂಟರ್‌ನಲ್ಲಿ ನಿಮಿಷಕ್ಕೆ ಆರೇ ಟೋಕನ್ ಹರೀತಿದ್ದಾರೆ. ಆಗ ನಿಮಿಷಕ್ಕೆ ಎಷ್ಟು ದೋಸೆ ಬರುತ್ತೆ? ಆರೇ. ಕಾವಲಿ ಕೆಟ್ಟಿಲ್ಲ, ಸುಮ್ನೆ ಕಾಯ್ತಾ ಇದೆ ಅಷ್ಟೆ.

ಗೇಮ್‌ನಲ್ಲೂ ಹೀಗೇ. ಯಾವ ಕಾರು ಎಲ್ಲಿದೆ, ಯಾರು ಯಾವ ಕಡೆ ಓಡ್ತಿದ್ದಾರೆ, ಈಗ ಏನು ಬಿಡಿಸಬೇಕು ಅನ್ನೋ ಲೆಕ್ಕ ಹಾಕಿ ಟೋಕನ್ ಕೊಡೋದು ಪ್ರೊಸೆಸರ್. ಅದನ್ನ ಚಿತ್ರವಾಗಿ ಬಿಡಿಸೋದು ಗ್ರಾಫಿಕ್ಸ್ ಕಾರ್ಡ್. ಮಧ್ಯೆ ಸಾಮಾನು ಇಟ್ಕೊಳ್ಳೋಕೆ ರ‍್ಯಾಮ್, ಸಾಗಿಸೋಕೆ ಮದರ್‌ಬೋರ್ಡ್ ಸ್ಲಾಟ್, ಕೊನೆಗೆ ತೋರಿಸೋಕೆ ಮಾನಿಟರ್. ಈ ಸಾಲಿನಲ್ಲಿ ಯಾರು ನಿಧಾನವೋ ಅವರ ವೇಗವೇ ನಿಮ್ಮ ಎಫ್‌ಪಿಎಸ್. ಅಂದ್ರೆ ನಾವು ಕೇಳಬೇಕಾದ ಪ್ರಶ್ನೆ "ಕಾರ್ಡ್ ಕೆಟ್ಟಿದೆಯಾ" ಅಂತ ಅಲ್ಲ, "ಯಾರು ಯಾರಿಗೋಸ್ಕರ ಕಾಯ್ತಿದ್ದಾರೆ" ಅಂತ.

ಮೊದಲು ಹಿಂದಗಡೆ ಬಗ್ಗಿ ನೋಡಿ: ಕೇಬಲ್ ಎಲ್ಲಿದೆ?

ಅವನಿಗೆ ನಾನು ಕೇಳಿದ ಮೊದಲನೇ ಪ್ರಶ್ನೆ ಇದು. "ಕ್ಯಾಬಿನೆಟ್ ಹಿಂದಿನ ಫೋಟೋ ತೆಗೆದು ಕಳಿಸು" ಅಂದೆ. ಫೋಟೋ ಬಂತು. ಮಾನಿಟರ್‌ನ ಎಚ್‌ಡಿಎಂಐ ಕೇಬಲ್ ಮೇಲ್ಗಡೆ ಯುಎಸ್‌ಬಿ ಪೋರ್ಟ್‌ಗಳ ಪಕ್ಕದಲ್ಲಿತ್ತು. ಅಂದ್ರೆ ಮದರ್‌ಬೋರ್ಡ್‌ಗೆ ಚುಚ್ಚಿತ್ತು. ಕೆಳಗಡೆ ಅಡ್ಡಕ್ಕೆ ಇರೋ ಹೊಸ ಕಾರ್ಡ್‌ನ ಪೋರ್ಟ್‌ಗಳೆಲ್ಲ ಖಾಲಿ.

ನಗಬೇಡಿ. 5600ಜಿ ಥರದ ಪ್ರೊಸೆಸರ್ ತಗೊಂಡವರಿಗೆ ಇದು ಆಗೋದು ಸಹಜ. ಅದರೊಳಗೇ ಒಂದು ಸಣ್ಣ ಗ್ರಾಫಿಕ್ಸ್ ಚಿಪ್ ಇದೆ. "ಈಗ ಪಿಸಿ ಮಾಡಿಸೋಣ, ದುಡ್ಡಾದಾಗ ಕಾರ್ಡ್ ಹಾಕ್ಸೋಣ" ಅಂತ ತುಂಬ ಜನ ಅದನ್ನ ತಗೊಳ್ತಾರೆ. ಎರಡು ವರ್ಷ ಕೇಬಲ್ ಇದ್ದ ಜಾಗ ಸರಿಯಾಗೇ ಇತ್ತು. ಕಾರ್ಡ್ ಬಂದ ದಿನದಿಂದ ಅದು ತಪ್ಪು ಜಾಗ. ಆದ್ರೆ ಪರದೆ ಮೇಲೆ ಚಿತ್ರ ಬರ್ತಾನೇ ಇರುತ್ತೆ, ಹಾಗಾಗಿ ಅನುಮಾನವೇ ಬರಲ್ಲ.

ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಅಕ್ಷರ ಇರೋ ಪ್ರೊಸೆಸರ್‌ಗಳಲ್ಲಿ, ಉದಾಹರಣೆಗೆ ಐ5 12400ಎಫ್‌ನಲ್ಲಿ, ಒಳಗೆ ಗ್ರಾಫಿಕ್ಸ್ ಇರಲ್ಲ. ಅಲ್ಲಿ ಕೇಬಲ್ ಮದರ್‌ಬೋರ್ಡ್‌ಗೆ ಹಾಕಿದ್ರೆ ಪರದೆ ಕಪ್ಪಗೇ ಇರುತ್ತೆ, ತಪ್ಪು ತಕ್ಷಣ ಗೊತ್ತಾಗುತ್ತೆ. ಮೋಸ ಹೋಗೋದು ಒಳಗೆ ಗ್ರಾಫಿಕ್ಸ್ ಇರೋ ಪ್ರೊಸೆಸರ್ ಇರುವವರು.

ಕೇಬಲ್ ಬದಲಾಯಿಸಿದ. ಎಫ್‌ಪಿಎಸ್ 60ಕ್ಕೆ ಬಂತು, ಅಲ್ಲೇ ನಿಂತಿತು. ಜೊತೆಗೆ ಆಗಾಗ ಗೇಮ್ ಜರ್ಕ್ ಹೊಡೀತಿತ್ತು. "ಅಣ್ಣಾ, ಈ ಕಾರ್ಡ್‌ಗೆ ಇಷ್ಟೇನಾ?" ಅಂದ. ಇಷ್ಟೇ ಅಲ್ಲ. ಮುಂದೆ ನೋಡೋಣ.

60ಕ್ಕೇ ನಿಂತಿದ್ರೆ ಮಾನಿಟರ್ ಸೆಟ್ಟಿಂಗ್ ನೋಡಿ

ಎಫ್‌ಪಿಎಸ್ 57, 63, 71 ಅಂತ ಏರಿಳಿದ್ರೆ ಅದು ಸಾಮರ್ಥ್ಯದ ಮಿತಿ ಇರಬಹುದು. ಆದ್ರೆ ಅಳತೆಪಟ್ಟಿ ಇಟ್ಟ ಹಾಗೆ ಸರಿಯಾಗಿ 60ಕ್ಕೆ ನಿಂತಿದ್ರೆ ಯಾರೋ ಬೇಲಿ ಹಾಕಿದ್ದಾರೆ ಅಂತ ಅರ್ಥ.

ಹೊಸ ಪೋರ್ಟ್‌ಗೆ ಕೇಬಲ್ ಹಾಕಿದಾಗ ವಿಂಡೋಸ್ ಎಷ್ಟೋ ಸಲ 144 ಹರ್ಟ್ಸ್ ಮಾನಿಟರನ್ನೂ 60 ಹರ್ಟ್ಸ್‌ನಲ್ಲೇ ಓಡಿಸುತ್ತೆ. ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟ್ ಎಷ್ಟಿದೆ ನೋಡಿ, ನಿಮ್ಮ ಮಾನಿಟರ್‌ಗೆ ಎಷ್ಟು ಸಾಧ್ಯವೋ ಅಷ್ಟಕ್ಕೆ ಇಡಿ. ಆ ಆಯ್ಕೆಯೇ ಕಾಣದಿದ್ರೆ ಡಿಸ್‌ಪ್ಲೇ ಪೋರ್ಟ್ ಕೇಬಲ್ ಹಾಕಿ ನೋಡಿ. ಆಮೇಲೆ ಗೇಮ್ ಒಳಗೆ ವಿ-ಸಿಂಕ್ ಆನ್ ಇದೆಯಾ, ಫ್ರೇಮ್ ಲಿಮಿಟ್ ಅಂತ ಏನಾದ್ರೂ ಹಾಕಿದ್ದೀರಾ ನೋಡಿ. ವಿ-ಸಿಂಕ್ ಆನ್ ಇದ್ರೆ ಗೇಮ್ ಮಾನಿಟರ್ ವೇಗವನ್ನ ದಾಟಲ್ಲ.

ನಿಮ್ಮ ಮಾನಿಟರೇ 60 ಹರ್ಟ್ಸ್ ಆಗಿದ್ರೆ? ಆಗ 60ರ ಮೇಲೆ ಎಷ್ಟು ಬಂದ್ರೂ ಕಣ್ಣಿಗೆ ಅಷ್ಟಾಗಿ ಕಾಣಲ್ಲ. ಆ ಶಕ್ತಿಯನ್ನ ಚಿತ್ರದ ಗುಣಮಟ್ಟ ಏರಿಸೋಕೆ ಬಳಸಿ. ಸೆಟ್ಟಿಂಗ್ಸ್ ಲೋ ಇಂದ ಹೈಗೆ ಹೋದ್ರೂ 60 ಹಾಗೇ ಇದ್ರೆ ಕಾರ್ಡ್ ಕೆಲಸ ಮಾಡ್ತಿದೆ ಅಂತಲೇ ಲೆಕ್ಕ.

ನಮ್ಮ ಹುಡುಗನದ್ದು ಇದೇ ಆಗಿತ್ತು. 144ಕ್ಕೆ ಇಟ್ಟ, 60ರ ಬೇಲಿ ಹೋಯ್ತು. ಜರ್ಕ್ ಮಾತ್ರ ಹೋಗಲಿಲ್ಲ.

ಊಹೆ ಬಿಡಿ, ಅಳತೆ ಮಾಡಿ

ಇಲ್ಲಿಂದ ಮುಂದೆ ಕಣ್ಣಂದಾಜು ಸಾಲದು. ವಿಂಡೋಸ್ ಕೀ ಮತ್ತು ಜಿ ಒಟ್ಟಿಗೆ ಒತ್ತಿದ್ರೆ ಗೇಮ್ ಬಾರ್ ಬರುತ್ತೆ, ಅದರಲ್ಲಿ ಪರ್ಫಾರ್ಮೆನ್ಸ್ ಅನ್ನೋ ಸಣ್ಣ ಕಿಟಕಿ ಇದೆ. ಅದನ್ನ ಪಿನ್ ಮಾಡಿದ್ರೆ ಗೇಮ್ ಆಡುವಾಗಲೇ ಮೂಲೆಯಲ್ಲಿ ಸಿಪಿಯು, ಜಿಪಿಯು, ರ‍್ಯಾಮ್ ಎಷ್ಟು ಬಳಕೆ ಆಗ್ತಿದೆ ಅಂತ ಕಾಣುತ್ತೆ. ಎಎಂಡಿ ಮತ್ತು ಎನ್‌ವಿಡಿಯಾದವರ ಸ್ವಂತ ಆ್ಯಪ್‌ಗಳಲ್ಲೂ ಇಂಥದ್ದಿದೆ. ಎಂಎಸ್‌ಐ ಆಫ್ಟರ್‌ಬರ್ನರ್ ಗೊತ್ತಿರುವವರು ಅದನ್ನೇ ಬಳಸಿ.

ಹತ್ತು ನಿಮಿಷ ಆಡಿ, ಒಂದು ಅಂಕಿ ನೋಡಿ: ಜಿಪಿಯು ಬಳಕೆ ಶೇಕಡಾ ಎಷ್ಟು?

95ರ ಮೇಲಿದ್ರೆ ಕಾರ್ಡ್ ಪೂರ್ತಿ ದುಡೀತಿದೆ. ಹಾಗಿದ್ದೂ ಎಫ್‌ಪಿಎಸ್ ಕಮ್ಮಿ ಅನ್ನಿಸಿದ್ರೆ ಗೇಮ್ ಸೆಟ್ಟಿಂಗ್ಸ್ ಆ ಕಾರ್ಡ್‌ಗೆ ಜಾಸ್ತಿ ಆಗಿರಬಹುದು, ಇಲ್ಲಾ ಬಿಸಿಗೆ ಕಾರ್ಡ್ ತಾನೇ ವೇಗ ಇಳಿಸ್ತಿರಬಹುದು.

40, 50, 60ರಲ್ಲಿ ಓಲಾಡ್ತಿದ್ರೆ ಕಾರ್ಡ್ ಕಾಯ್ತಾ ಕೂತಿದೆ. ಟೋಕನ್ ಕೌಂಟರ್ ನಿಧಾನ. ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ನೋಡ್ಬೇಕು.

ಸೊನ್ನೆ ಹತ್ತಿರ ಇದ್ರೆ ಗೇಮ್ ಆ ಕಾರ್ಡ್ ಮೇಲೆ ಓಡ್ತಾನೇ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ. ಪರ್ಫಾರ್ಮೆನ್ಸ್‌ನಲ್ಲಿ ಎರಡು ಜಿಪಿಯು ಕಂಡ್ರೆ ಯಾವುದು ಕೆಲಸ ಮಾಡ್ತಿದೆ ಅಂತ ಹೆಸರು ನೋಡಿ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ಪುಟದಲ್ಲಿ ಆ ಗೇಮ್ ಆರಿಸಿ, ಹೈ ಪರ್ಫಾರ್ಮೆನ್ಸ್ ಅಂತ ಇಡಿ.

ಇಲ್ಲೊಂದು ಎಚ್ಚರಿಕೆ. ಸಿಪಿಯು ಬಳಕೆ ಬರೀ 35 ಪರ್ಸೆಂಟ್ ಇದೆ, ಅಂದ್ಮೇಲೆ ಪ್ರೊಸೆಸರ್ ಆರಾಮಾಗಿದೆ ಅನ್ಕೋಬೇಡಿ. ಅದು ಎಲ್ಲ ಕೋರ್‌ಗಳ ಸರಾಸರಿ. ಗೇಮ್‌ನ ಮುಖ್ಯ ಕೆಲಸ ಒಂದೆರಡು ಕೋರ್ ಮೇಲೇ ಬಿದ್ದು ಅವು ನೂರಕ್ಕೆ ನೂರು ಬಳಲ್ತಾ ಇರಬಹುದು, ಉಳಿದವು ಸುಮ್ನಿರಬಹುದು. ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಅಂತ ಆರಿಸಿದ್ರೆ ಒಂದೊಂದೂ ಬೇರೆಬೇರೆ ಕಾಣುತ್ತೆ.

ಇನ್ನೂ ಸುಲಭದ ಪರೀಕ್ಷೆ ಬೇಕಾ? ಗೇಮ್ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ. ಕಾರ್ಡ್‌ನ ಕೆಲಸ ಅರ್ಧಕ್ಕಿಂತ ಕಮ್ಮಿ ಆಗುತ್ತೆ. ಎಫ್‌ಪಿಎಸ್ ಜಿಗಿದ್ರೆ ಮಿತಿ ಕಾರ್ಡ್‌ನಲ್ಲಿತ್ತು. ಇದ್ದಲ್ಲೇ ಇದ್ರೆ ಮಿತಿ ಬೇರೆ ಕಡೆ ಇದೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಥರದ ಗೇಮ್‌ಗಳು ಪ್ರೊಸೆಸರನ್ನೇ ಹೆಚ್ಚು ದುಡಿಸುತ್ತವೆ. ಬರೀ ಅವನ್ನಷ್ಟೇ ಆಡಿ ನೋಡಿ "ಹೊಸ ಕಾರ್ಡ್‌ನಿಂದ ಏನೂ ಆಗಲಿಲ್ಲ" ಅಂತ ತೀರ್ಪು ಕೊಡಬೇಡಿ.

ನಮ್ಮ ಹುಡುಗ ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಜಿಪಿಯು ಅರ್ಧದಷ್ಟು ಖಾಲಿ. ರ‍್ಯಾಮ್ ಮಾತ್ರ ತುಂಬಿ ತುಳುಕ್ತಿತ್ತು.

ರ‍್ಯಾಮ್: ಯಾರೂ ಅನುಮಾನ ಪಡದ ಆಸಾಮಿ

ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿ. ಅಲ್ಲಿ ಮೂರು ವಿಷಯ ಓದಬೇಕು. ಅವನ ಪಿಸಿಯಲ್ಲಿ ಮೂರೂ ತಪ್ಪಿತ್ತು.

ಒಂದು, ಹಾರ್ಡ್‌ವೇರ್ ರಿಸರ್ವ್ಡ್. ಅವನದ್ದು 8 ಜಿಬಿ, ಆದ್ರೆ ವಿಂಡೋಸ್‌ಗೆ ಸಿಕ್ತಿದ್ದದ್ದು 6 ಜಿಬಿಗೂ ಸ್ವಲ್ಪ ಕಮ್ಮಿ. ಉಳಿದ 2 ಜಿಬಿ ಎಲ್ಲಿ ಹೋಯ್ತು? ಎರಡು ವರ್ಷದ ಹಿಂದೆ ಯಾವುದೋ ಯೂಟ್ಯೂಬ್ ವಿಡಿಯೊ ನೋಡಿ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಅಂತ ಬಯಾಸ್‌ನಲ್ಲಿ 2 ಜಿಬಿ ಎತ್ತಿಟ್ಟಿದ್ದ. ಆಗ ಅದು ಒಳ್ಳೇ ಸಲಹೆಯೇ. ಈಗ ಹೊಸ ಕಾರ್ಡ್‌ಗೆ ಅದರದ್ದೇ 8 ಜಿಬಿ ಮೆಮೊರಿ ಇದೆ. ಹಳೇ 2 ಜಿಬಿ ಮಾತ್ರ, ಮನೆ ಬಿಟ್ಟು ಹೋದ ಬಾಡಿಗೆಯವರ ಹೆಸರಲ್ಲಿ ಬೀಗ ಹಾಕಿದ ರೂಮಿನ ಥರ ಸುಮ್ನೆ ಕೂತಿದೆ. ಕೇಬಲ್ ಮದರ್‌ಬೋರ್ಡ್‌ನಲ್ಲಿದ್ದಾಗಲೂ ಚಿತ್ರ ಬರ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ: ಒಳಗಿನ ಗ್ರಾಫಿಕ್ಸ್ ಯಾವಾಗಲೂ ಆನ್ ಇರಲಿ ಅಂತ ಅದೇ ದಿನ ಸೆಟ್ ಮಾಡಿದ್ದ.

ಪರಿಹಾರ: ಮೊದಲು ಕೇಬಲ್ ಹೊಸ ಕಾರ್ಡ್‌ನಲ್ಲೇ ಇದೆ ಅಂತ ಖಾತ್ರಿ ಮಾಡ್ಕೊಳ್ಳಿ. ಆಮೇಲೆ ಬಯಾಸ್‌ಗೆ ಹೋಗಿ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಅನ್ನೋದನ್ನ ಆಟೋಗೆ ಇಡಿ. ಈ ಕ್ರಮ ಉಲ್ಟಾ ಮಾಡಿದ್ರೆ ಪರದೆ ಕಪ್ಪಾಗಿ ಇನ್ನೊಂದು ಗಾಬರಿ.

ಎರಡು, ಸ್ಪೀಡ್. ಅವನ ಸ್ಟಿಕ್ ಮೇಲೆ 3200 ಅಂತ ಅಚ್ಚಾಗಿದೆ, ಟಾಸ್ಕ್ ಮ್ಯಾನೇಜರ್ ತೋರಿಸ್ತಿದ್ದದ್ದು 2400. ಅಂಗಡಿಯವರು ಮೋಸ ಮಾಡಿಲ್ಲ. ರ‍್ಯಾಮ್ ಹಾಕಿದ ತಕ್ಷಣ ಮದರ್‌ಬೋರ್ಡ್ ಸುರಕ್ಷಿತವಾದ ಕಮ್ಮಿ ವೇಗದಲ್ಲೇ ಅದನ್ನ ಓಡಿಸುತ್ತೆ. ಅಚ್ಚಾಗಿರೋ ವೇಗ ಬೇಕಂದ್ರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅನ್ನೋದನ್ನ ಆನ್ ಮಾಡ್ಬೇಕು. ಕೆಲವು ಎಎಂಡಿ ಬೋರ್ಡ್‌ಗಳಲ್ಲಿ ಅದಕ್ಕೆ ಡಿಒಸಿಪಿ ಅಂತಾರೆ, ಡಿಡಿಆರ್5ನಲ್ಲಿ ಎಕ್ಸ್‌ಪೋ ಅಂತಲೂ ಇರುತ್ತೆ. ಆನ್ ಮಾಡಿದ ಮೇಲೆ ಪಿಸಿ ಹ್ಯಾಂಗ್ ಆಗೋಕೆ ಶುರುವಾದ್ರೆ ಹಿಂದಕ್ಕೆ ಬನ್ನಿ.

ಮೂರು, ಸ್ಲಾಟ್ಸ್ ಯೂಸ್ಡ್. ಒಂದೇ ಸ್ಟಿಕ್ ಇದ್ರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ಮಧ್ಯೆ ಇರೋ ಎರಡು ದಾರಿಯಲ್ಲಿ ಒಂದು ಮಾತ್ರ ಬಳಕೆ ಆಗುತ್ತೆ. ಅಂಥದ್ದೇ ಇನ್ನೊಂದು ಸ್ಟಿಕ್ ಹಾಕಿದ್ರೆ ಎರಡೂ ದಾರಿ ತೆರೆಯುತ್ತೆ. ನಾಲ್ಕು ಸ್ಲಾಟ್ ಇರೋ ಬೋರ್ಡ್‌ನಲ್ಲಿ ಪಕ್ಕಪಕ್ಕ ಹಾಕ್ಬೇಡಿ. ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದ್ರೆ ಎರಡನೇದು ಮತ್ತು ನಾಲ್ಕನೇದು. ಮದರ್‌ಬೋರ್ಡ್ ಮ್ಯಾನುಯಲ್‌ನಲ್ಲಿ ಚಿತ್ರ ಇರುತ್ತೆ.

ಇವತ್ತಿನ ದೊಡ್ಡ ಗೇಮ್‌ಗಳಿಗೆ ಒಟ್ಟು 8 ಜಿಬಿ ಸಾಲಲ್ಲ. ರ‍್ಯಾಮ್ ತುಂಬಿದಾಗ ವಿಂಡೋಸ್ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯ ಜಾಗವನ್ನ ಎರವಲು ತಗೊಳ್ಳುತ್ತೆ. ಅದು ರ‍್ಯಾಮ್‌ಗಿಂತ ತುಂಬ ನಿಧಾನ. ಅವನಿಗೆ ಆಗ್ತಿದ್ದ ಜರ್ಕ್‌ಗೆ ಕಾರಣ ಇದೇ.

ಡ್ರೈವರ್: ಹಳೇದನ್ನ ಗುಡಿಸಿ ಹೊಸದನ್ನ ಹಾಕಿ

ಹಳೇ ಕಾರ್ಡ್ ತೆಗೆದು ಹೊಸದು ಹಾಕಿದವರಿಗೆ, ಅದರಲ್ಲೂ ಎನ್‌ವಿಡಿಯಾದಿಂದ ಎಎಂಡಿಗೋ ಇಂಟೆಲ್‌ಗೋ ಬದಲಾದವರಿಗೆ, ಇದು ಮುಖ್ಯ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆಗೀರಿ. ಕಾರ್ಡ್ ಹೆಸರಿನ ಜಾಗದಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತಿದ್ರೆ ಡ್ರೈವರ್ ಕೂತೇ ಇಲ್ಲ. ಅದರಲ್ಲಿ ಗೇಮ್ ಓಡಲ್ಲ.

ಶುದ್ಧ ಮಾಡೋ ವಿಧಾನ ಹೀಗೆ. ಕಾರ್ಡ್ ಕಂಪನಿಯ ಅಧಿಕೃತ ಸೈಟ್‌ನಿಂದ ನಿಮ್ಮ ಮಾಡೆಲ್‌ನ ಡ್ರೈವರ್ ಮೊದಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಅಂದ್ರೆ ಎಲ್ಲರೂ ಡಿಡಿಯು ಅನ್ನೋ ಉಚಿತ ತಂತ್ರಾಂಶವನ್ನೂ ಇಳಿಸ್ಕೊಳ್ಳಿ. ನೆಟ್ ಆಫ್ ಮಾಡಿ, ಇಲ್ಲದಿದ್ರೆ ಮಧ್ಯದಲ್ಲೇ ವಿಂಡೋಸ್ ತನಗೆ ತೋಚಿದ ಡ್ರೈವರ್ ಹಾಕಿಬಿಡುತ್ತೆ. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಓಡಿಸಿ, ರೀಸ್ಟಾರ್ಟ್ ಆದ ಮೇಲೆ ಹೊಸ ಡ್ರೈವರ್ ಹಾಕಿ, ಕೊನೆಗೆ ನೆಟ್ ಆನ್ ಮಾಡಿ. ಸೇಫ್ ಮೋಡ್‌ಗೆ ಹೋಗೋ ಮುಂಚೆ ವಿಂಡೋಸ್ ಲಾಗಿನ್ ಪಾಸ್‌ವರ್ಡ್ ನೆನಪಿದೆಯಾ ನೋಡ್ಕೊಳ್ಳಿ.

ಡ್ರೈವರ್ ಹೊಸದಾಗಿ ಹಾಕಿದ ಮೇಲೆ ಮೊದಲ ಸಲ ಗೇಮ್ ತೆರೆದಾಗ ಸ್ವಲ್ಪ ಹೊತ್ತು ತಡವರಿಸಬಹುದು. ಗೇಮ್ ತನ್ನ ಶೇಡರ್‌ಗಳನ್ನ ಹೊಸ ಕಾರ್ಡ್‌ಗೆ ತಕ್ಕ ಹಾಗೆ ಮತ್ತೆ ಸಿದ್ಧ ಮಾಡ್ಕೊಳ್ತಿರುತ್ತೆ. ಮೊದಲ ಐದು ನಿಮಿಷ ನೋಡಿ ತೀರ್ಪು ಬೇಡ.

ಸ್ಲಾಟ್: ದಾರಿ ಎಷ್ಟು ಅಗಲ?

ಈಗ ಕ್ಯಾಬಿನೆಟ್ ತೆಗೆಯೋಣ. ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಒಮ್ಮೆ ಮುಟ್ಟಿ ಆಮೇಲೆ ಕೈ ಹಾಕಿ.

ಕಾರ್ಡ್ ಕೂರೋ ಸ್ಲಾಟ್‌ಗೆ ಪಿಸಿಐ ಎಕ್ಸ್‌ಪ್ರೆಸ್ ಅಂತಾರೆ. ಇದೊಂದು ರಸ್ತೆ ಅಂದ್ಕೊಳ್ಳಿ, ಲೇನ್‌ಗಳಿರುತ್ತೆ. ಪೂರ್ತಿ ಇದ್ರೆ 16 ಲೇನ್. ತಲೆಮಾರು ಬದಲಾದ ಹಾಗೆ ಲೇನ್‌ನ ವೇಗ ಎರಡು ಪಟ್ಟಾಗುತ್ತೆ: 3.0ಯಲ್ಲಿ ಒಂದು ಲೇನ್‌ಗೆ ಸೆಕೆಂಡಿಗೆ ಸುಮಾರು 1 ಜಿಬಿ, 4.0ಯಲ್ಲಿ ಸುಮಾರು 2 ಜಿಬಿ.

ಎಷ್ಟೋ ಬೋರ್ಡ್‌ಗಳಲ್ಲಿ ಒಂದೇ ಉದ್ದದ ಎರಡು ಸ್ಲಾಟ್ ಇರುತ್ತೆ. ನೋಡೋಕೆ ಅವಳಿ ಮಕ್ಕಳ ಥರ. ಆದ್ರೆ ಕೆಳಗಿನದಕ್ಕೆ ಸಾಮಾನ್ಯವಾಗಿ 4 ಲೇನ್ ಮಾತ್ರ. "ಗಾಳಿ ಚೆನ್ನಾಗಾಡ್ಲಿ" ಅಂತ ಕೆಳಗೆ ಹಾಕಿದವರು ಮೇಲಿನ, ಅಂದ್ರೆ ಪ್ರೊಸೆಸರ್‌ಗೆ ಹತ್ತಿರದ ಸ್ಲಾಟ್‌ಗೆ ಹಾಕಿ. ಕ್ಲಿಪ್ ಟಕ್ ಅನ್ನೋವರೆಗೂ ಒತ್ತಿ.

ಕಾರ್ಡ್ ನಿಜವಾಗಿ ಎಷ್ಟು ಲೇನ್‌ನಲ್ಲಿ ಓಡ್ತಿದೆ ಅಂತ ಜಿಪಿಯು-ಜೆಡ್ ಅನ್ನೋ ಉಚಿತ ತಂತ್ರಾಂಶ ತೋರಿಸುತ್ತೆ. ಬಸ್ ಇಂಟರ್‌ಫೇಸ್ ಸಾಲು ನೋಡಿ. ಸುಮ್ನಿರುವಾಗ 1.1 ಅಂತ ಕಂಡ್ರೆ ಬೆಚ್ಚಬೇಡಿ, ಕಾರ್ಡ್ ಕರೆಂಟ್ ಉಳಿಸೋಕೆ ನಿದ್ದೆ ಮಾಡ್ತಿದೆ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಸಣ್ಣ ಪರೀಕ್ಷೆ ಓಡಿಸಿದ್ರೆ ನಿಜವಾದ ಅಂಕಿ ಬರುತ್ತೆ.

ಕೆಲವು ಕಾರ್ಡ್‌ಗಳಿಗೆ ಲೇನೇ ಕಮ್ಮಿ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಎರಡಕ್ಕೂ 8 ಲೇನ್. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಬರೀ 4 ಲೇನ್, ಮೆಮೊರಿಯೂ 4 ಜಿಬಿ. ಹೊಸ ಬೋರ್ಡ್‌ನಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 8 ಜಿಬಿ ದಾರಿ ಸಿಗುತ್ತೆ, ಹಳೇ 3.0 ಬೋರ್ಡ್‌ನಲ್ಲಿ ಅರ್ಧ. ಗೇಮ್ 4 ಜಿಬಿ ಮೀರಿದಾಗ ಸಾಮಾನೆಲ್ಲ ಈ ಕಿರಿದಾದ ದಾರಿಯಲ್ಲೇ ಓಡಾಡಬೇಕು, ಅಲ್ಲಿ ಎಫ್‌ಪಿಎಸ್ ಕುಸಿಯುತ್ತೆ. ಹಳೇ ಪಿಸಿಗೆ ಅಗ್ಗದ ಹೊಸ ಕಾರ್ಡ್ ಹುಡುಕುವವರು ಇದನ್ನ ಕೊಳ್ಳೋ ಮುಂಚೆಯೇ ನೋಡ್ಕೋಬೇಕು. 5600ಜಿ ಕೂಡ 3.0 ಪ್ರೊಸೆಸರೇ, ಆದ್ರೆ 8 ಜಿಬಿ ಮೆಮೊರಿ, 8 ಲೇನ್ ಇರೋ 6600ಗೆ ಅದರಿಂದ ಆಗೋ ನಷ್ಟ ಸಣ್ಣದು.

ಇಂಟೆಲ್ ಆರ್ಕ್ ಕಾರ್ಡ್ ತಗೊಂಡವರಿಗೆ ಒಂದು ಮಾತು. ಬಯಾಸ್‌ನಲ್ಲಿ ರೀಸೈಜಬಲ್ ಬಾರ್ ಆನ್ ಇರಲೇಬೇಕು, ಇಲ್ಲದಿದ್ರೆ ಆರ್ಕ್ ತುಂಬ ಸೊರಗುತ್ತೆ. ಎಎಂಡಿ, ಎನ್‌ವಿಡಿಯಾ ಕಾರ್ಡ್‌ಗಳಿಗೂ ಇದರಿಂದ ಸ್ವಲ್ಪ ಲಾಭ ಇದೆ, ಆದ್ರೆ ಇಲ್ಲದಿದ್ರೂ ನಡೆಯುತ್ತೆ. ಇದಕ್ಕಾಗಿ ಸಿಎಸ್‌ಎಂ ಅನ್ನೋದನ್ನ ಆಫ್ ಮಾಡ್ಬೇಕಾಗಬಹುದು. ತುಂಬ ಹಳೇ ರೀತಿಯಲ್ಲಿ ವಿಂಡೋಸ್ ಹಾಕಿದ್ರೆ ಆಮೇಲೆ ಅದು ಬೂಟ್ ಆಗಲ್ಲ. ಹಾಗಾದ್ರೆ ಸಿಎಸ್‌ಎಂ ಮತ್ತೆ ಆನ್ ಮಾಡಿ, ಮೊದಲಿನಂತಾಗುತ್ತೆ.

ಕರೆಂಟು, ಬಿಸಿ

ಸ್ಲಾಟ್‌ನಿಂದ ಕಾರ್ಡ್‌ಗೆ ಸಿಗೋದು ಹೆಚ್ಚಂದ್ರೆ 75 ವಾಟ್. ಅದಕ್ಕಿಂತ ಹೆಚ್ಚು ಬೇಕಾದವಕ್ಕೆ ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್: 6 ಪಿನ್‌ನಿಂದ 75 ವಾಟ್, 8 ಪಿನ್‌ನಿಂದ 150 ವಾಟ್. ಆರ್‌ಎಕ್ಸ್ 6600ಗೆ 132 ವಾಟ್ ಬೇಕು, ಒಂದು 8 ಪಿನ್ ಸಾಕು. ಎರಡು ಪ್ಲಗ್ ಇರೋ ದೊಡ್ಡ ಕಾರ್ಡ್ ಆದ್ರೆ ಎಸ್‌ಎಂಪಿಎಸ್‌ನಿಂದ ಎರಡು ಪ್ರತ್ಯೇಕ ಕೇಬಲ್ ಎಳೀರಿ.

ಕ್ಯಾಬಿನೆಟ್ ಜೊತೆ ಬಂದ ಹೆಸರಿಲ್ಲದ ಎಸ್‌ಎಂಪಿಎಸ್ ಮೇಲೆ 450 ವಾಟ್ ಅಂತ ಬರೆದಿದ್ರೂ ನಂಬಿ ಕೂರಬೇಡಿ. ಭಾರದ ಗೇಮ್ ಆಡುವಾಗ ಪಿಸಿ ದಿಢೀರ್ ಆಫ್ ಆಗೋದು, ರೀಸ್ಟಾರ್ಟ್ ಆಗೋದು ಅದರ ಲಕ್ಷಣ. ಹಾಗೇ ಮನೆಯ ಸಣ್ಣ ಯುಪಿಎಸ್ ನೋಡಿ. 600 ವಿಎ ಅಂತಿದ್ರೂ ಸಾಮಾನ್ಯವಾಗಿ ಅದು ಹೊರೋದು 360 ವಾಟ್. ಗೇಮ್ ಶುರುವಾದ ಕೂಡ್ಲೇ ಯುಪಿಎಸ್ ಕೀಂಯ್ ಅಂದ್ರೆ ಭಾರ ಜಾಸ್ತಿ ಆಗಿದೆ.

ಬಿಸಿ ವಿಷಯ. ಆಡುವಾಗ ಜಿಪಿಯು 60ರಿಂದ 80 ಡಿಗ್ರಿ ಇದ್ರೆ ಮಾಮೂಲು. ಎನ್‌ವಿಡಿಯಾದ ಹಲವು ಕಾರ್ಡ್‌ಗಳು 83 ಡಿಗ್ರಿ ಸುತ್ತಮುತ್ತ ತಾವೇ ವೇಗ ಇಳಿಸ್ಕೊಳ್ತವೆ. ಎಎಂಡಿ ಕಾರ್ಡ್‌ಗಳಲ್ಲಿ ಹಾಟ್ ಸ್ಪಾಟ್ ಅಂತ ಇನ್ನೊಂದು ಅಂಕಿ ಕಾಣುತ್ತೆ, ಅದು ಇನ್ನೂ ಮೇಲಿರೋದು ಸಹಜ, 110ರವರೆಗೂ ಕಂಪನಿಯೇ ಒಪ್ಪುತ್ತೆ. ಮೊದಲ ಐದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಎಫ್‌ಪಿಎಸ್ ಇಳಿದ್ರೆ ಬಿಸಿ ಮೇಲೆ ಅನುಮಾನ ಪಡಿ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಆಡಿ ನೋಡಿ. ಸುಧಾರಿಸಿದ್ರೆ ಒಳಗೆ ಗಾಳಿ ಆಡ್ತಿಲ್ಲ. ಮತ್ತೆ, ಕಾರ್ಡ್ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ? ಅದನ್ನ ಬಿಟ್ಟುಬಿಟ್ಟವರು ತುಂಬ ಜನ ಇದ್ದಾರೆ.

ಎಲ್ಲ ಆಯ್ತು, ಆದ್ರೂ ಸರಿ ಹೋಗ್ಲಿಲ್ಲ ಅಂದ್ರೆ

ಆಗ ಕಾರ್ಡ್‌ನ ಮೇಲೆ ನಿಜವಾಗಿ ಅನುಮಾನ ಪಡಬಹುದು. ಯೂನಿಜಿನ್ ಸೂಪರ್‌ಪೊಸಿಷನ್, ಅಥವಾ ಸ್ಟೀಮ್‌ನಲ್ಲಿ ಉಚಿತವಾಗಿ ಸಿಗೋ 3ಡಿಮಾರ್ಕ್ ಡೆಮೊ ಓಡಿಸಿ. ಅದೇ ಕಾರ್ಡ್ ಇರೋ ಬೇರೆಯವರ ಗ್ರಾಫಿಕ್ಸ್ ಸ್ಕೋರ್ ಜೊತೆ ನಿಮ್ಮದನ್ನ ಹೋಲಿಸಿ. ಹತ್ತಿರಹತ್ತಿರ ಇದ್ರೆ ಕಾರ್ಡ್ ಗಟ್ಟಿಯಾಗಿದೆ. ತುಂಬ ಕೆಳಗಿದ್ರೆ ಸ್ನೇಹಿತರ ಪಿಸಿಯಲ್ಲಿ ಹಾಕಿ ನೋಡಿ. ಅಲ್ಲೂ ಅದೇ ಕಥೆ ಆದ್ರೆ ಕಾರ್ಡ್‌ನದ್ದೇ ದೋಷ.

ಸೆಕೆಂಡ್ ಹ್ಯಾಂಡ್ ತಗೊಂಡವರು ಜಿಪಿಯು-ಜೆಡ್‌ನಲ್ಲಿ ಹೆಸರು ನೋಡಿ. ಹಳೇ ಚಿಪ್‌ಗೆ ಹೊಸ ಹೆಸರು ತುಂಬಿ ಮಾರೋ ನಕಲಿ ಎನ್‌ವಿಡಿಯಾ ಕಾರ್ಡ್‌ಗಳನ್ನ ಅದು 2018ರಿಂದ ಗುರುತಿಸಿ, ಫೇಕ್ ಅಂತ ತೋರಿಸುತ್ತೆ.

ಅಂಗಡಿಗೆ ಹೋಗುವಾಗ ಬರಿಗೈಲಿ ಹೋಗಬೇಡಿ. ಬಿಲ್, ಬಾಕ್ಸ್, ಕಾರ್ಡ್ ಮೇಲಿನ ಸೀರಿಯಲ್ ನಂಬರ್, ಟೆಸ್ಟ್ ಸ್ಕೋರ್‌ನ ಸ್ಕ್ರೀನ್‌ಶಾಟ್, ತೊಂದರೆ ಆಗೋದರ ವಿಡಿಯೊ ಇರಲಿ. "ಸ್ಲೋ ಇದೆ" ಅಂದ್ರೆ "ನಿಮ್ಮ ಪಿಸಿ ಪ್ರಾಬ್ಲಂ" ಅಂತ ಕಳಿಸ್ತಾರೆ. ಅಂಕಿ ತೋರಿಸಿದ್ರೆ ಮಾತು ಬೇರೆ. ನ್ಯಾಯವಾಗಿ ಸಿಗಬೇಕಾದದ್ದು ಸಿಗದೇ ಹೋದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ನಂಬರ್ 1915.

ನಮ್ಮ ಹುಡುಗನ ಕಥೆ ಏನಾಯ್ತು?

ಆರನೇ ದಿನ ರಾತ್ರಿ ಮೆಸೇಜ್ ಬಂತು. ಕೇಬಲ್ ಕಾರ್ಡ್‌ಗೆ, ಮಾನಿಟರ್ 144ಕ್ಕೆ, ಬೀಗ ಹಾಕಿದ್ದ 2 ಜಿಬಿ ವಾಪಸ್, ರ‍್ಯಾಮ್ 3200ಕ್ಕೆ. ಒಂದು ರೂಪಾಯಿ ಖರ್ಚಿಲ್ಲದೆ ಅದೇ ಜಿಟಿಎ ಫೈವ್ ನೂರರ ಆಸುಪಾಸಿಗೆ ಬಂದಿತ್ತು. ಜರ್ಕ್ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ಅದಕ್ಕೆ ಇನ್ನೊಂದು 8 ಜಿಬಿ ಸ್ಟಿಕ್ ಬೇಕು, ಮುಂದಿನ ಮದುವೆ ವಿಡಿಯೊ ದುಡ್ಡು ಬಂದಾಗ ತಗೊಳ್ತಾನಂತೆ. ಕಾರ್ಡ್ ವಾಪಸ್ ಕೊಡ್ಲಿಲ್ಲ.

ಗಮನಿಸಿ, ನಾಲ್ಕು ತಪ್ಪಿತ್ತು, ಒಂದೂ ಕಾರ್ಡ್‌ನದ್ದಲ್ಲ. ಅವನು ಅವಸರದಲ್ಲಿ ಅದನ್ನ ಬದಲಾಯಿಸಿ ಇನ್ನೊಂದು ತಂದಿದ್ರೆ ಆ ಎರಡನೇ ಕಾರ್ಡೂ ಅದೇ 45, 50 ಕೊಡ್ತಿತ್ತು. ಆಗ "ಈ ಕಂಪನಿಯೇ ಸರಿ ಇಲ್ಲ" ಅಂತ ಇನ್ನೂ ದುಬಾರಿ ಕಾರ್ಡ್‌ಗೆ ಸಾಲ ಮಾಡ್ತಿದ್ದನೇನೋ. ಹಾಗಾಗಿ ಹೊಸ ಭಾಗ ಹಾಕೋ ಮುಂಚೆಯೇ ಹಳೇ ಪಿಸಿಯ ಎಫ್‌ಪಿಎಸ್, ರ‍್ಯಾಮ್ ಬಳಕೆ, ಬಿಸಿ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆದು ನೋಡಿ.

ಅಂದ ಹಾಗೆ, ಅಪ್ಪನಿಗೆ ಏನು ಹೇಳಿದೆ ಅಂತ ಕೇಳ್ದೆ. "ಕೇಬಲ್ ತಪ್ಪಾಗಿ ಹಾಕಿದ್ದೆ ಅಂತ ಹೇಳ್ಲಿಲ್ಲ ಅಣ್ಣ, ಸೆಟ್ಟಿಂಗ್ ಮಾಡ್ದೆ ಅಂದೆ" ಅಂದ. ಈ ಸಂಚಿಕೆ ಅವರ ಕಿವಿಗೆ ಬೀಳದಿರಲಿ.

ನಿಮ್ಮ ಪಿಸಿಯದ್ದೂ ಇಂಥದ್ದೊಂದು ಕಥೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಜೊತೆಗೆ ಕ್ಯಾಬಿನೆಟ್ ಹಿಂದಿನ ಫೋಟೋನೂ ಇರಲಿ.